ಅತ್ತೆಯ ಮುಷ್ಟಿ

ಸಮುದ್ರಕ್ಕೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ.

ನಮ್ಮ ಅತ್ತೆ ಹೆಬ್ಬಳ್ಳಿಯಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ವಿದ್ಯಾನಗರದ ಮನೆ. ಎಪ್ಪತ್ತು ದಾಟಿದರೂ ಕೆರೆ, ಬಾವಿ ಬಿಟ್ಟರೆ ದೊಡ್ಡ ನೀರು ಕಂಡವರಲ್ಲ. "ಇಷ್ಟ ದಿನಾ ನೋಡದನ ಬದುಕೇನಿ, ಈಗ್ಯಾಕವಾ?" ಎಂದರು. ನಾನು ಬಿಡುವವಳೇ? ಡಿಸೆಂಬರ್ ರಜೆಯಲ್ಲಿ ಅವರು, ನಾನು, ನಮ್ಮನೆಯವರು, ಮೂವರೇ ಕಾರಿನಲ್ಲಿ ಅಂಕೋಲಾದ ಕಡೆ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಎಲ್ಲ ಕಟ್ಟಿಕೊಂಡೆ. ಮರೆತದ್ದು ದಾರ ಒಂದನ್ನೇ.

ಅತ್ತೆಯ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಸದಾ ಇರುತ್ತಿತ್ತು. ಅವರ ಮದುವೆಗೂ ಮೊದಲಿನದು. ಅದನ್ನು ಕಟ್ಟಿದ ಶಿವದಾರ ಹಳೆಯದಾಗಿ ಎಳೆ ಬಿಟ್ಟಿತ್ತು. "ಬೆಂಗೇರಿ ಸಂತಿಗೆ ಹೋದ್ರ ಒಂದ ಹೊಸಾ ದಾರ ತಾರವಾ" ಎಂದು ಎರಡು ಸಲ ಹೇಳಿದ್ದರು. ಎರಡು ಸಲವೂ ಹೋದೆ, ಬದನೆಕಾಯಿ ತಂದೆ, ದಾರ ತರಲಿಲ್ಲ. ನನ್ನ ಲಿಂಗವಾದರೂ ಎಲ್ಲಿತ್ತು? ದೇವರ ಜಗಲಿಯ ಮೇಲೆ, ಹಬ್ಬಕ್ಕೊಮ್ಮೆ ಕೈಗೆ ಬರುವಂಥದ್ದು.

ಆ ದಿನ ಬೆಳಿಗ್ಗೆ ಲಾಡ್ಜಿನಲ್ಲಿ ಅತ್ತೆ ಪೂಜೆ ಮುಗಿಸಿ, ಚಹಾ ಕುಡಿದು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರು. "ತಿಂಡಿ ದಂಡೀ ಮ್ಯಾಲ ತಿನ್ನೋಣ ಬರ್ರಿ" ಎಂದವಳೂ ನಾನೇ.

ದಂಡೆಗೆ ಬಂದಾಗ ತೆರೆಗಳ ಸದ್ದಿಗೆ ಅತ್ತೆ ಕಾಲು ಹಿಂದಿಟ್ಟರು. "ಮೊಣಕಾಲ ತನಕ ಅಷ್ಟರಿ ಅತ್ತೀ, ನಾ ಹಿಡಕೋತೇನಿ" ಎಂದು ಬಲಗೈ ಹಿಡಿದು ಎಳೆದೆ. ಅವರ ಎಡಗೈ ಎದೆಯ ಮೇಲೆ ಬಿಗಿಯಾಗಿ ಮುಷ್ಟಿ ಕಟ್ಟಿತ್ತು. ಅಂಜಿದ್ದಾರೆ ಎಂದು ನನಗೆ ನಗು. "ಸಣ್ಣ ಹುಡುಗ್ಯಾರಂಗ ಯಾಕ್ರಿ?" ಎಂದು ಚೇಷ್ಟೆ ಬೇರೆ ಮಾಡಿದೆ. ಕಾರು ನಿಲ್ಲಿಸಲು ಹೋದ ನಮ್ಮನೆಯವರು ಬಂದರೇನೋ ಎಂದು ಸಮುದ್ರಕ್ಕೆ ಬೆನ್ನು ಹಾಕಿ ನಿಂತೆ. ಹಾಗೆ ನಿಲ್ಲಬಾರದೆಂದು ಬಯಲುಸೀಮೆಯವಳಿಗೆ ಯಾರು ಹೇಳಬೇಕು?

ತೆರೆ ಬಡಿಯಿತು. ಕಾಲ ಕೆಳಗಿನ ಉಸುಕು ಸರಿಯಿತು. ಬಾಯಿ, ಮೂಗು, ಕಿವಿಯಲ್ಲೆಲ್ಲ ಉಪ್ಪುನೀರು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ಯಾರೋ ಜಡೆಗೆ ಕೈ ಹಾಕಿ, ತಲೆಬುರುಡೆ ಕಿತ್ತು ಬರುವಂತೆ ಜಗ್ಗಿದರು. ಕಣ್ಣು ಬಿಟ್ಟಾಗ ತೊಯ್ದ ಉಸುಕಿನ ಮೇಲೆ ಬಿದ್ದು ಕೆಮ್ಮುತ್ತಿದ್ದೆ. ನಮ್ಮನೆಯವರು ಎದುರಿಗಿದ್ದರು. ಎಳೆದವರು ಅವರೇ ಎಂದುಕೊಂಡೆ.

ಅತ್ತೆ ಪಕ್ಕದಲ್ಲಿ ಕೂತಿದ್ದರು. ಬಲಗೈ ಎದೆಯ ಮೇಲೆ ತಡಕಾಡುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

"ಲಿಂಗ ಹೋತು" ಎಂದರು.

ಅತ್ತೆಯ ಅಜ್ಜಿಯ ಕಾಲದಲ್ಲಿ ಲಿಂಗ ಕಳೆದುಕೊಂಡ ಒಬ್ಬಾಕೆ, ಅದಿಲ್ಲದೆ ಬಾಯಿಗೆ ಏನೂ ಹಾಕಬಾರದೆಂದು ಅನ್ನ-ನೀರು ಬಿಟ್ಟು ಕೂತವಳು ಮತ್ತೆ ಏಳಲೇ ಇಲ್ಲವಂತೆ. ಅತ್ತೆ ಆ ಕಥೆ ಹೇಳಿದಾಗಲೆಲ್ಲ ನಾನು ಅಡಿಗೆಮನೆಯಲ್ಲಿ ಮುಸಿಮುಸಿ ನಗುತ್ತಿದ್ದೆ. ಈಗ ನೀರಿನ ಬಾಟಲಿ ಚಾಚಿದರೆ ಅತ್ತೆ ಮುಖ ತಿರುಗಿಸಿದರು. ರೊಟ್ಟಿ ಬಿಚ್ಚಿದರೆ ಕಣ್ಣು ಮುಚ್ಚಿದರು. ಹೊಟ್ಟೆಯಲ್ಲಿ ಇದ್ದದ್ದು ಬರೀ ಚಹಾ, ಗುಳಿಗೆ. ಅಯ್ಯೋ ಶಿವನೇ!

ಗಂಡ-ಹೆಂಡತಿ ಇಬ್ಬರೂ ಮೊಣಕಾಲೂರಿ ಉಸುಕು ಕೆದರಿದೆವು. ಚಿಪ್ಪು ಆಯುತ್ತಿದ್ದ ಅಲ್ಲಿಯ ಹೆಂಗಸೊಬ್ಬಳು ತಾನೂ ಬಂದು ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಸೊಂಟ ನೆಟ್ಟಗೆ ಮಾಡಿ, ಸಮುದ್ರ ನೋಡಿ, ತಲೆ ಅಲ್ಲಾಡಿಸಿದಳು. ನಮ್ಮನೆಯವರು ಮನೆತನದ ಗುರುಗಳಾದ ಅಯ್ಯನವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಊರಿಗೆ ಬರ್ರಿ ತಾಯಿ, ಬ್ಯಾರೆ ಲಿಂಗ ಕಟ್ಟತೇನಿ. ಮೊದಲ ನೀರು ಕುಡೀರಿ" ಎಂದರು ಅಯ್ಯನವರು.

"ಅವರಿಗೇನು, ಫೋನಿನ್ಯಾಗ ಹೇಳತಾರ" ಎಂದು ಅತ್ತೆ ಮತ್ತೆ ಬಾಯಿ ಬಿಗಿದುಕೊಂಡರು.

ಹನ್ನೊಂದರ ಹೊತ್ತಿಗೆ ಅವರ ಬೆರಳು ನಡುಗತೊಡಗಿದವು. ಹಣೆ ಮುಟ್ಟಿದೆ, ಸುಡುವ ಬಿಸಿಲಿನಲ್ಲೂ ತಣ್ಣನೆಯ ಬೆವರು. ಸಕ್ಕರೆ ಇಳಿಯುತ್ತಿದೆ ಎಂದು ತಿಳಿಯಲು ಡಾಕ್ಟರು ಬೇಕಿರಲಿಲ್ಲ. ದವಾಖಾನೆಗೆ ಒಯ್ಯೋಣವೆಂದು ನಮ್ಮನೆಯವರು ಕಾರಿಗೆ ಓಡಿದರು. ಕಾರು ನಿಂತದ್ದೋ ದೂರ. ಅವರು ತಿರುಗಿ ಬರುವುದರೊಳಗೆ ಈ ಜೀವ ನನ್ನ ಕೈಯಲ್ಲೇ ಹೋಗುತ್ತದೆ, ಕೊಂದವಳು ನಾನು. ಇದೇ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಬಾಟಲಿ ನೀರಿಗೆ ಬೆಲ್ಲ ಕದಡುವಾಗ ಅರ್ಧ ಚೆಲ್ಲಿದೆ.

"ಅತ್ತೀ, ತಪ್ಪು ನಂದರಿ. ದಾರ ತರಲಿಲ್ಲ ನಾ. ಹರಕ ದಾರದಾಗ ನಿಮ್ಮನ್ನ ನೀರಿಗಿ ಎಳದೆ. ಬೈರಿ, ಹೊಡೀರಿ, ಆದ್ರ ಇದನ್ನ ಕುಡೀರಿ" ಎಂದು ಗಳಗಳ ಅಳತೊಡಗಿದೆ.

ಅತ್ತೆ ಕಣ್ಣು ತೆರೆದರು. "ದಾರದ್ದೇನ ತಪ್ಪಿಲ್ಲ. ಅದರ ಹಣೇಬಾರ ನಂಗ ಗೊತ್ತಿತ್ತು. ಅದಕ್ಕ ಮುಷ್ಟ್ಯಾಗ ಹಿಡಕೊಂಡಿದ್ದೆ. ತೆರಿ ಬಡದ್ರೂ ಬಿಟ್ಟಿರಲಿಲ್ಲ." ಉಸಿರು ಎಳೆದುಕೊಂಡರು. "ನೀ ಮುಳುಗಿದಿ. ಒಂದ ಕೈಲೆ ಜಗ್ಗಿದೆ, ಬರಲಿಲ್ಲ ನೀ. ಎರಡೂ ಕೈ ಬೇಕಾದುವು."

ನಾನು ಜಡೆಯ ಬುಡ ಮುಟ್ಟಿ ನೋಡಿಕೊಂಡೆ.

"ಕಳಕೊಂಡಿಲ್ಲ ನಾ. ಬಿಟ್ಟೇನಿ. ಅದನ್ನ ಶಿವಗ ಹೆಂಗ ಹೇಳಲಿ ಅಂತ ಕುಂತಿದ್ದೆ."

"ಹೇಳಿದ್ರೇನ್ರಿ?"

"ಈಗ ಹೇಳಿದೆ. ಸೊಸಿ ಇದ್ಲಪಾ, ಬಿಟ್ಟೆ ಅಂತ." ನಡುಗುವ ಕೈ ಮುಂದೆ ಚಾಚಿದರು. "ತಾ ಇತ್ತ. ನೀನೂ ಎರಡ ಗುಟುಕು ಕುಡಿ, ಮಾರಿ ಹೆಂಗ ಬಿಳಚಿಕೊಂಡೈತಿ ನೋಡು."

ಬಾಟಲಿಯನ್ನು ಅವರ ಬಾಯಿಗೆ ಹಿಡಿದೆ. ಅವರೂ ಎಡಗೈ ಎತ್ತಿ ಅದನ್ನು ಹಿಡಿದುಕೊಂಡರು. ಆ ಬೆರಳುಗಳಿಗೆ ನನ್ನ ಜಡೆಯ ನಾಲ್ಕಾರು ಕೂದಲು ಇನ್ನೂ ಸುತ್ತಿಕೊಂಡೇ ಇದ್ದವು.