ಒಂದೇ ಸಾಲಿನ ಅವ್ವ

ಮಧ್ಯಾಹ್ನದ ಹೊತ್ತು. ಸಿಂಧನೂರಿನ ನನ್ನ ಕಿಟಕಿಯಿಂದ ಗಿರಣಿಯ ಕುದ್ದ ಭತ್ತದ ವಾಸನೆ ತೇಲಿ ಬರುತ್ತಿತ್ತು. ಮಂಪರಿನಲ್ಲೇ ಕೆಳಗಿನ ಸಾಲಿಗೆ ಹೋಗಲೆಂದು ಲ್ಯಾಪ್‌ಟಾಪಿನ ಜೆ ಕೀಲಿ ಒತ್ತಿದೆ. ಕರ್ಸರ್ ಇಡೀ ಪರದೆ ಹಾರಿ ತಳಕ್ಕೆ ಹೋಗಿ ಕುಳಿತಿತು.

ಮೌಸ್ ಮುಟ್ಟದೆ ಬರೀ ಕೀಲಿಗಳಿಂದಲೇ ಎಲ್ಲ ಮಾಡುವ ತಂತ್ರಾಂಶದಲ್ಲಿ ನಾನು ಬರೆಯುವುದು. ಗೆಳೆಯರ ಮುಂದೆ ಆ ಬಗ್ಗೆ ಜಂಬ ಕೊಚ್ಚುವುದೂ ಉಂಟು. ಅದರ ಲೆಕ್ಕವೇ ಬೇರೆ, ನೋಡಿ. ಎಂಟರ್ ಒತ್ತುವವರೆಗೆ ಬರೆದದ್ದೆಲ್ಲ ಅದಕ್ಕೆ ಒಂದೇ ಸಾಲು. ಪರದೆಯಲ್ಲಿ ಹಿಡಿಸಲಿಕ್ಕೆ ಹಲವು ಸಾಲಾಗಿ ಮಡಿಚಿ ತೋರಿಸುತ್ತದೆ, ಅಷ್ಟೆ.

ಕರ್ಸರ್ ಹಾರಿದ ಆ ಉದ್ದ ಸಾಲು ಮಸ್ಕಿಯ ಚಿಗವ್ವನದು. ಅವ್ವ ನನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಸಾಕಿದವಳು ಅವಳ ತಂಗಿ, ಈ ಚಿಗವ್ವ. ಹೋದ ಬೇಸಿಗೆಯಲ್ಲಿ ಅವ್ವನ ಬಗ್ಗೆ ಹೇಳು ಎಂದು ಲ್ಯಾಪ್‌ಟಾಪ್ ಹಿಡಿದು ಅವಳ ಮುಂದೆ ಕುಳಿತೆ. ಅಕ್ಕಿ ಹಸನು ಮಾಡುತ್ತ ಅವಳು ಮಾತು ಶುರು ಮಾಡಿದರೆ ಉಸಿರಾಡುವುದು ಯಾವಾಗಲೋ ದೇವರಿಗೇ ಗೊತ್ತು. ಎಂಟರ್ ಒತ್ತಲು ನನಗೆ ಪುರುಸೊತ್ತೇ ಸಿಗಲಿಲ್ಲ. ಅವ್ವನ ನಡಿಗೆ, ಸಿಟ್ಟು, ಗದ್ದೆಯಲ್ಲಿ ಕಳೆದುಕೊಂಡ ಬೆಂಡೋಲೆ, ಮೈಮೇಲೆ ಎಚ್ಚರವಿಲ್ಲದೆ ಮನೆಯಲ್ಲೇ ಹೆತ್ತು ಲಿಂಗಸುಗೂರಿನ ಆಸ್ಪತ್ರೆ ಸೇರಿ ನನ್ನ ಮುಖ ನೋಡದೆಯೇ ಹೋದದ್ದು, ಆಮೇಲೆ ನಾನು ಕುಡಿದ ಆಡಿನ ಹಾಲು, ಬಿದ್ದು ಎದ್ದ ಬಾಲ್ಯ, ಎಲ್ಲ ಒಂದೇ ಸಾಲಾಯಿತು.

ಇವತ್ತು ಬೆಳಿಗ್ಗೆ ಚಿಗವ್ವನ ಫೋನು ಬಂತು. ಅವತ್ತು ಹೇಳಿದ್ದರಲ್ಲಿ ಒಂದು ಮಾತು ಸುಳ್ಳು ಎಂದಳು. ತೊಟ್ಟಿಲಿಗೆ ಹಾಕುವವರೆಗೆ ಕೂಸು ಹೊಸ್ತಿಲು ದಾಟಬಾರದೆಂದು ಅಜ್ಜಿಯ ಕಟ್ಟಪ್ಪಣೆಯಿತ್ತಂತೆ. ಅಜ್ಜಿ ಹೊಲಕ್ಕೆ ಹೋದದ್ದೇ ತಡ, ಚಿಗವ್ವ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿ ಆಸ್ಪತ್ರೆಗೆ ಒಯ್ದಿದ್ದಳಂತೆ. ಅಷ್ಟರಲ್ಲಿ ಅವ್ವನಿಗೆ ಎಚ್ಚರ ಬಂದಿತ್ತಂತೆ. ಮರುದಿನವೇ ಅವ್ವ ತೀರಿಕೊಂಡಳು. ತಾನು ಹೊಸ್ತಿಲು ದಾಟಿಸಿದ್ದಕ್ಕೇ ಹೀಗಾಯಿತೆಂದು ಹೆದರಿ ಬಾಯಿ ಮುಚ್ಚಿಕೊಂಡವಳು ಇವತ್ತು ತೆರೆದಳು.

“ನಿಮ್ಮವ್ವ ನಿನ್ನ ನೋಡ್ಯಾಳಪ್ಪಾ. ಎದಿ ಮ್ಯಾಲ ಮಲಗಿಸಿಕೊಂಡಿದ್ಲು. ಅದನ್ನ ಬರಿ.”

ಮೊದಲು ಸಿಟ್ಟು ಬಂತು. ಆಮೇಲೆ, ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ದೊಡ್ಡ ಹೆದರಿಕೆ ಹೊತ್ತ ಚಿಗವ್ವನನ್ನು ನೆನೆದು ಅಳು ಬಂತು.

ಈಗ ಆ ಮಾತಿರುವಲ್ಲಿಗೆ ಹೋಗಬೇಕು. ಜೆ ಕೀಲಿಯೊಂದನ್ನೇ ಒತ್ತಿದರೆ ಕರ್ಸರ್ ಅವ್ವನನ್ನೇ ಹಾರಿ ಹೋಗುತ್ತದೆ. ಮೊದಲು ಜಿ, ಆಮೇಲೆ ಜೆ ಒತ್ತಿದರೆ ಕಣ್ಣಿಗೆ ಕಾಣುವ ಒಂದೊಂದೇ ಸಾಲು ಇಳಿಯಬಹುದು. ಅವಸರವಿಲ್ಲದೆ ಇಳಿದೆ. ‘ನೋಡದೆಯೇ ಹೋದಳು’ ಎಂಬುದನ್ನು ಅಳಿಸಿ, ‘ನೋಡಿದಳು, ಎದೆಯ ಮೇಲೆ ಮಲಗಿಸಿಕೊಂಡಳು’ ಎಂದು ಬರೆಯತೊಡಗಿದೆ. ಒಂದೊಂದು ಅಕ್ಷರಕ್ಕೂ ಮುಂದಿನ ಮಾತುಗಳು ಸರಿಯುತ್ತ ಹೋದವು. ಅವ್ವ ನನ್ನನ್ನು ಎತ್ತಿಕೊಳ್ಳಲೆಂದು ನನ್ನ ಬಾಲ್ಯವೆಲ್ಲ ತುಸು ಕೆಳಗೆ ಸರಿದು ಜಾಗ ಬಿಟ್ಟಿತು.