ಶನಿವಾರ, ಹತ್ತರಿಂದ ನಾಲ್ಕು

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಳೆಯ ಅತಿಥಿಗಳು ಹೊರಡುತ್ತಾರೆ, ನಾಲ್ಕಕ್ಕೆ ಹೊಸಬರು ಬಂದಿಳಿಯುತ್ತಾರೆ. ನಡುವಿನ ಆರು ಗಂಟೆಗಳಲ್ಲಿ, ಈ ಮನೆಗಳಲ್ಲಿ ಹಿಂದೆ ಯಾರೂ ಮಲಗಿಯೇ ಇರಲಿಲ್ಲವೇನೋ ಎಂಬಂತೆ ಮಾಡುವುದು ನೆಸ್ಟಾಳ ಕೆಲಸ. ವೇಲ್ಸ್‌ನ ಪಶ್ಚಿಮ ಕರಾವಳಿಯ ಪೋರ್ಥ್‌ಲಾಸ್‌ನಲ್ಲಿ ಈಗ ರಜೆಗೆಂದು ಬಾಡಿಗೆಗೆ ಬಿಡುವ ಮನೆಗಳೇ ಹೆಚ್ಚು. ಅವುಗಳಲ್ಲಿ ನಾಲ್ಕನ್ನು ಚೊಕ್ಕ ಮಾಡುವುದು ಅವಳ ಪಾಲು. ಸ್ನಾನದ ಮನೆಯ ಮರಳು, ಒಲೆಯ ಬೂದಿ, ಸೋಫಾಕ್ಕೆ ಅಂಟಿದ ನಾಯಿಯ ರೋಮ ಎಲ್ಲ ಹೋಗಬೇಕು. ಟವೆಲುಗಳು ಮಡಿಕೆ ತಪ್ಪದೆ ಮಂಚದ ತುದಿಯಲ್ಲಿ ಕೂರಬೇಕು. ಮೇಜಿನ ಮೇಲೆ ಜಗ್ಗಿನಲ್ಲಿ ಬೇಲಿಯ ಹೂವು, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಕಾವಲಿಯ ಮೇಲೆ ಸುಟ್ಟ ಒಣದ್ರಾಕ್ಷಿಯ ಕೇಕು. ‘ಎಂಥ ಚೊಕ್ಕ ಮನೆ!’ ಎಂದು ಅತಿಥಿಗಳು ಅಭಿಪ್ರಾಯದ ಪುಸ್ತಕದಲ್ಲಿ ಬರೆಯುತ್ತಾರೆ. ಮನೆ ತಾನೇ ಚೊಕ್ಕವಾಯಿತು ಎಂಬಂತೆ.

ಹದಿನೈದರ ವಯಸ್ಸಿನಲ್ಲಿ ಅಮ್ಮನ ಹಿಂದೆ ಬಕೆಟ್ ಹಿಡಿದು ಹೊರಟವಳು ಅವಳು. ಈಗ ಅರವತ್ತೊಂದು. ಗಂಡ ಇವಾನ್ ಏಡಿ ಹಿಡಿದು ಬಂದು ಬೂಟು ಬಿಚ್ಚುತ್ತ, “ನಿನಗೇನಮ್ಮ, ಬೆಚ್ಚಗೆ ಮನೆಯೊಳಗಿನ ಕೆಲಸ” ಎನ್ನುತ್ತಿದ್ದ. ಆ ಬೂಟಿನ ಕೆಸರನ್ನೂ ಅವಳೇ ಒರೆಸುತ್ತಿದ್ದಳು. ಅವನು ಹೋಗಿ ಒಂಬತ್ತು ವರ್ಷ.

ಓಣಿಯ ಕೊನೆಯ ಮನೆಯಲ್ಲಿ ಅವಳು ಬಾಡಿಗೆಗಿದ್ದದ್ದು ಇಪ್ಪತ್ತಾರು ವರ್ಷ. ಮನೆಯ ಯಜಮಾನ ಮುದುಕ ಎಮ್ಲಿನ್ ಜನವರಿಯಲ್ಲಿ ತೀರಿಕೊಂಡ. ಕಾರ್ಡಿಫ್‌ನಲ್ಲಿದ್ದ ಅವನ ಮಗಳು ಲೌರಿ ಫೋನು ಮಾಡಿದಳು.

“ಎಲ್ಲಾರೂ ರಜಾ ಮನೆ ಮಾಡು ಅಂತಾರೆ, ನೆಸ್ಟಾ ಆಂಟಿ. ಆದ್ರೆ ಹಳೇ ಮನೆ, ಪೂರ್ತಿ ತೇವ ಹಿಡಿದಿದೆ ಅಂತಿದ್ರು ಅಪ್ಪ, ರಿಪೇರಿಗೆ ಸುರಿಯೋ ಶಕ್ತಿ ನಂಗಿಲ್ಲ. ತುಂಬ ಕೆಟ್ಟಿದ್ರೆ ಇದ್ದ ಹಾಗೇ ನಿಮ್ಗೇ ಬಾಡಿಗೆಗೆ ಇರ್ಲಿ. ಮಾರ್ಚಲ್ಲಿ ಒಂದ್ಸಲ ಬಂದು ನೋಡ್ತೀನಿ.”

ಪಕ್ಕದ ಮನೆಯ ಎಲುನೆಡ್ ಇದನ್ನು ಕೇಳಿ ಕುಣಿದಾಡಿದಳು. “ಕೇಳಿಲ್ಲಿ, ಕೈ ಕಟ್ಕೊಂಡು ಕೂತ್ಕೋ. ಮೆಟ್ಟಿಲ ಹತ್ರ ಆ ಕಪ್ಪು ತೇವದ ಕಲೆ ಇದ್ಯಲ್ಲ, ಅದೇ ನಿನ್ನ ವಕೀಲ. ಪಾತ್ರೆ ಸಿಂಕಲ್ಲೇ ಕೊಳೀಲಿ. ಆ ಹುಡುಗಿ ಒಳಗೆ ಕಾಲಿಟ್ರೆ ವಾಕರಿಕೆ ಬರ್ಬೇಕು.”

“ನಿನ್ನ ಮನೆ ತರ ಇಡು ಅಂತೀಯಾ?”

“ಹೂಂ ಮತ್ತೆ! ನನ್ನ ಮನೆ ಯಾರಾದ್ರೂ ಕೇಳ್ತಾರಾ ನೋಡು!”

ಮಾರ್ಚ್ ಬಂತು. ನೆಸ್ಟಾ ಮೂರು ದಿನ ತಡೆದುಕೊಂಡಳು. ತಟ್ಟೆಗಳು ಸಿಂಕಿನಲ್ಲೇ ಇದ್ದವು, ಹಾಸಿಗೆ ಮುದುಡಿತ್ತು. ಲೌರಿ ಬರುವ ಬೆಳಿಗ್ಗೆ, ಬಂದವಳಿಗೆ ಚಹಾ ಕೊಡಲು ಒಂದು ಲೋಟವಾದರೂ ಬೇಕಲ್ಲ ಎಂದು ಒಂದೇ ಲೋಟ ತೊಳೆದಳು. ಲೋಟ ಇಡಲು ಹೋದರೆ ಕಟ್ಟೆ ಜಿಡ್ಡಾಗಿತ್ತು. ಕಟ್ಟೆ ಒರೆಸಿದರೆ ನೆಲ ಕಣ್ಣಿಗೆ ಚುಚ್ಚಿತು. ಆಮೇಲೆ ಕೈ ಅವಳ ಮಾತು ಕೇಳಲಿಲ್ಲ. ಹಾಸಿಗೆ ಬಿಗಿಯಾಯಿತು, ಟವೆಲು ಮಡಿಕೆಯಾಯಿತು. ಅತಿಥಿಗಳ ಮನೆಗೆ ಹೊಡೆದು ಉಳಿದ ಬಿಳಿ ಬಣ್ಣದ ಡಬ್ಬಿ ತೆಗೆದು ಮೆಟ್ಟಿಲ ಬಳಿಯ ಕಲೆಯ ಮೇಲೂ ಬಳಿದಳು. ಕಾವಲಿ ಕಾದಿತ್ತು, ಜಗ್ಗಿನಲ್ಲಿ ಹಳದಿ ಹೂವಿತ್ತು.

ಲೌರಿ ಬಾಗಿಲಲ್ಲೇ ನಿಂತುಬಿಟ್ಟಳು. ಮೇಲೆ ಹೋಗಿ ಕಿಟಕಿಯಿಂದ ಕಡಲನ್ನು ನೋಡಿ ಇಳಿದು ಬಂದಾಗ ಅವಳ ಕಣ್ಣು ತುಂಬಿತ್ತು.

“ಅಪ್ಪ ಸುಮ್ನೆ ಹೆದರಿಸಿದ್ರು, ಆಂಟಿ. ಇದಕ್ಕೆ ನಾನು ಏನೂ ಮಾಡೋದೇ ಬೇಡ, ಹೀಗೇ ರಜಾ ಮನೆ ಮಾಡ್ಬಹುದು. ಆರು ತಿಂಗಳ ನೋಟಿಸು ಕೊಡ್ತೀನಿ, ಅಷ್ಟರಲ್ಲಿ ನೀವು ಆರಾಮಾಗಿ ಬೇರೆ ಕಡೆ ನೋಡ್ಕೋಬಹುದು. ಶನಿವಾರ ಮಾತ್ರ ನೀವೇ ಬರ್ಬೇಕು, ಬೇರೆಯವ್ರ ಕೈಗೆ ಈ ಮನೆ ಕೊಡೋಕೆ ಮನಸ್ಸಾಗಲ್ಲ. ಆಮೇಲೆ, ಬಂದೋರು ಇಲ್ಲಿ ಏನೇನು ನೋಡ್ಬೇಕು ಅಂತ ಒಂದು ಫೈಲ್ ಬರ್ದಿಡ್ತೀರಾ? ನಿಮ್ಮಷ್ಟು ಯಾರಿಗೆ ಗೊತ್ತು!”

“ಆಗ್ಲಿ ಮಗೂ” ಎಂದಳು ನೆಸ್ಟಾ. “ಇನ್ನೊಂದು ಕೇಕ್ ತಗೋ.”

ಎಲುನೆಡ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನು ಹೇಳಿದ್ದು ಒಂದೇ ಒಂದು ಕೆಲ್ಸ. ಏನೂ ಮಾಡ್ಬೇಡ ಅಂತ” ಎಂದಳಷ್ಟೇ.

“ಅದೊಂದು ನಂಗೆ ಬರಲ್ಲ ಕಣೇ.”

ಊರಿನಲ್ಲಿ ಬಾಡಿಗೆಗೆ ಒಂದು ಮನೆಯೂ ಸಿಗಲಿಲ್ಲ. ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಪೇಟೆಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಗೆ ‘ಸೀಲ್ ಕಾಟೇಜ್’ ಎಂಬ ಹೊಸ ಫಲಕ ಬಂತು. ನೆಸ್ಟಾ ಫೈಲು ಬರೆದುಕೊಟ್ಟಳು: ಮುರಿದ ಕೋಟೆ, ಪ್ರಾರ್ಥನೆ ನಿಂತುಹೋಗಿ ಈಗ ಪಿಂಗಾಣಿ ಮಾರುವ ಚಾಪೆಲ್, ಪಬ್ಬಿನಲ್ಲಿ ಗುರುವಾರ ಮೀನು. ಹಿಂದಿನ ಗೇಟಿನಿಂದ ಕಡಲಿಗೆ ಏಳು ನಿಮಿಷ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆಳಗಿನ ಕೊಲ್ಲಿಯಲ್ಲಿ ಸೀಲ್‌ಗಳು ಮರಿ ಹಾಕಿರುತ್ತವೆ, ದಯವಿಟ್ಟು ಮೇಲಿನಿಂದಲೇ ನೋಡಿ.

ಅಕ್ಟೋಬರ್ ರಜೆಯ ಮೊದಲ ಶನಿವಾರ ಅವಳು ಆ ಮನೆಯ ಕೆಲಸ ಮೂರಕ್ಕೇ ಮುಗಿಸಿದಳು. ಪೇಟೆಯ ಬಸ್ಸು ಐದೂ ಹತ್ತಕ್ಕೆ. ಒಳಗೆ ಕೂರುವಂತಿರಲಿಲ್ಲ, ಕುರ್ಚಿಯ ದಿಂಬು ಕುಗ್ಗುತ್ತದೆ. ಎಲುನೆಡ್‌ಳ ಬಾಗಿಲು ತಟ್ಟಲು ಮುಖವಿರಲಿಲ್ಲ. ಮಳೆ ಹನಿಯುತ್ತಿದ್ದುದರಿಂದ ಬಸ್ ನಿಲ್ದಾಣದ ಬೆಂಚಿನ ಮೇಲೆ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕುಳಿತಳು. ನಾಲ್ಕಕ್ಕೆ ಮುಂಚೆಯೇ ಸಾಮಾನು ತುಂಬಿದ ಕಾರೊಂದು ಬಂದು ನಿಂತಿತು.

“ಸೀಲ್ ಕಾಟೇಜ್ ಎಲ್ಲಿ ಬರುತ್ತೆ?” ಹೆಂಗಸೊಬ್ಬಳು ಗಾಜು ಇಳಿಸಿ ಕೇಳಿದಳು.

ನೆಸ್ಟಾ ಓಣಿಯ ಕಡೆ ಕೈ ತೋರಿಸಿದಳು. “ಕೊನೇ ಮನೆ.”

“ಥ್ಯಾಂಕ್ಸ್. ನೀವು ಇದೇ ಊರಿನೋರಾ?”

“ಅಲ್ಲ” ಎಂದಳು ನೆಸ್ಟಾ. “ಬಸ್ಸಿಗೆ ಕಾಯ್ತಿದೀನಿ.”