ಅಪ್ಪನ ಕಾಲಿನ ಕೆಂಪು ಗೆರೆ

ನಮ್ಮಪ್ಪ ಗಾರೆ ಕೆಲಸದವರು. ಟಿ. ನರಸೀಪುರದಿಂದ ನಂಜನಗೂಡಿನವರೆಗೆ ಅವರು ಎಬ್ಬಿಸಿದ ಗೋಡೆಗಳಲ್ಲಿ ಒಂದೂ ವಾಲಿಲ್ಲ. ವಾಲಿದ್ದು ಅವರ ಬಲಗಾಲು. ಮಂಡಿ ಸವೆದು ಕಾಲು ಹೊರಕ್ಕೆ ಬಾಗಿತ್ತು. ನಂಜನಗೂಡಿನಲ್ಲಿ ನಾನು ಕಟ್ಟಿಸುತ್ತಿದ್ದ ಮನೆಯ ತಲೆಬಾಗಿಲನ್ನು ತಾವೇ ನಿಲ್ಲಿಸಬೇಕೆಂದು ಹಟ ಹಿಡಿದಿದ್ದರು; ಐದು ನಿಮಿಷ ನಿಲ್ಲಲು ಮಾತ್ರ ಆಗುತ್ತಿರಲಿಲ್ಲ. ಬೇರೆಯವರು ನಿಲ್ಲಿಸಲಿ ಎಂದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಆ ಬಾಗಿಲಿಗಾಗಿಯೇ ಮಂಡಿ ಬದಲಿಸಿಕೊಳ್ಳಲು ಒಪ್ಪಿದರು.

ಮೈಸೂರಿನ ಆಸ್ಪತ್ರೆ. ಆಪರೇಷನ್ ದಿನ ಬೆಳಿಗ್ಗೆ ನಾನು ಕಾಫಿ ಕುಡಿದು ವಾರ್ಡಿಗೆ ಬಂದರೆ, ಈ ಮಹಾನುಭಾವರು ಚೀಲದಿಂದ ಕೆಮ್ಮಣ್ಣು ಬಳಿದ ದಾರ ತೆಗೆದು, ತೊಡೆಯಿಂದ ಹೆಬ್ಬೆರಳಿಗೆ ಬಿಗಿದು ಮೀಟಿ, ಕಾಲಿನುದ್ದಕ್ಕೂ ಕೆಂಪು ಗೆರೆ ಹೊಡೆದುಕೊಂಡು ಕೂತಿದ್ದರು.

"ಡಾಕ್ಟ್ರು ಕುಯ್ಯುವಾಗ ಸೊಟ್ಟ ಓಗ್ಬಾರ್ದು ಕಣವ್ವ."

ನರ್ಸಮ್ಮ ಬೈದ ಬೈಗುಳಕ್ಕೆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಬಂದ ಡಾಕ್ಟರು ನಗಲಿಲ್ಲ. ಬಗ್ಗಿ ಗೆರೆ ನೋಡಿ, "ಯಜಮಾನ್ರೇ, ಮೇಲ್ಗಡೆ ದಾರ ಎಲ್ಲಿಂದ ಹಿಡಿದ್ರಿ?" ಎಂದರು. ಅಪ್ಪ ತೊಡೆ ತೋರಿಸಿದರು.

"ಹಿಡೀಬೇಕಾದ್ದು ಸೊಂಟದ ಕೀಲಿನ ನಡುವಿನಿಂದ. ಅದು ಹೊರಗೆ ಕಾಣಲ್ಲ. ಮೂಳೆಗೆ ಗುರುತು ಸಿಕ್ಕಿಸಿ ಕಾಲು ತಿರುಗಿಸ್ತೀವಿ. ಕ್ಯಾಮೆರಾ ಆ ಗುರುತು ನೋಡುತ್ತೆ, ಕಂಪ್ಯೂಟರು ಕೀಲಿನ ನಡು ಹುಡುಕುತ್ತೆ. ಅಲ್ಲಿಂದ ಪಾದದ ಕೀಲಿಗೆ ಗೆರೆ. ಕುಯ್ಯೋದು ನಾನೇ, ಸೊಟ್ಟ ಹೋದ್ರೆ ಅದು ತೋರಿಸುತ್ತೆ."

ಅವಸರದ ಆ ಬೆಳಿಗ್ಗೆಯಲ್ಲಿ ಒಬ್ಬ ಗಾರೆಯವನಿಗೆ ಇಷ್ಟು ಬಿಡಿಸಿ ಹೇಳಿದ ಪುಣ್ಯಾತ್ಮನ ಮೇಲೆ ನನಗೆ ಅಲ್ಲೇ ಗೌರವ ಬಂತು.

ಅಪ್ಪ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಕಾಣ್ದೇ ಇರೋ ಕಡೆಯಿಂದ ದಾರ ಇಡೀತೀರಾ ಸಾ? ನಲವತ್ತು ವರ್ಸ ಕೆಲ್ಸ ಮಾಡಿದ್ರೂ ನಂಗದು ಬರ್ನಿಲ್ವಲ್ಲ," ಎಂದು ಬಟ್ಟೆ ಇಸಿದುಕೊಂಡು ತಾವೇ ಗೆರೆ ಒರೆಸಿದರು. ಅವರು ಇನ್ನೊಬ್ಬರ ಕೆಲಸ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾಲ್ಕು ತಿಂಗಳಾದ ಮೇಲೆ ತಲೆಬಾಗಿಲಿನ ಪೂಜೆ. ಅಪ್ಪ ನಿಂತುಕೊಂಡೇ ಚೌಕಟ್ಟಿಗೆ ತೂಕದ ಗುಂಡು ಇಳಿಬಿಟ್ಟು, ಎರಡೂ ಕಡೆ ನೋಡಿ, ಗಾರೆ ತುಂಬಿಸಿದರು. ಎಲ್ಲರೂ ಊಟಕ್ಕೆ ಕೂತಾಗ ನನ್ನನ್ನು ಕರೆದು ಗುಂಡಿನ ದಾರ ಕೈಗಿತ್ತರು. ಪಂಚೆ ಎತ್ತಿಕಟ್ಟಿ, ಕಾಲು ಕೊಂಚ ಅಗಲಿಸಿ ನಿಂತರು.

"ಸೊಂಟದಿಂದ ಬುಡವ್ವ. ನನ್ ಕಾಲು ನಾನೇ ನೋಡ್ಕಳಕ್ಕಾಗಲ್ಲ."

ಬಿಟ್ಟೆ. ದಾರ ಮಂಡಿಯ ನಡುವೆ ಹಾದು, ಗುಂಡು ಪಾದದ ಕೀಲಿನ ಮುಂದೆ ಬಂದು ನಿಂತಿತು. ತಲೆಯೆತ್ತಿ ನೋಡಿದೆ. ಅಪ್ಪ ನನಗಿಂತ ಎತ್ತರ ಎನ್ನುವುದನ್ನು ಎಷ್ಟೋ ವರ್ಷದಿಂದ ಮರೆತೇಬಿಟ್ಟಿದ್ದೆ. ದಾರ ಹಿಡಿದ ಕೈ ಇಳಿಸದೆ ಅವರ ಮುಖವನ್ನೇ ನೋಡುತ್ತಿದ್ದೆ.

ಅಪ್ಪನಿಗೆ ಗಾಬರಿಯಾಯಿತು. "ಯಾಕವ್ವ, ಒಡೆದು ಕಟ್ಬೇಕಾ?"

"ಬ್ಯಾಡ ಕಣಪ್ಪ," ಎಂದೆ.